‘ಸ್ಕ್ರೂ ಓವರ್’ ಬಂದಾಗ ನಾನು ಸಬ್‌ಟೈಟಲ್ ಬರೆಯುವುದು ಹೀಗೆ

ಇಂಗ್ಲಿಷ್ ಸಿನಿಮಾ, ಸೀರೀಸ್‌ಗಳಿಗೆ ಕನ್ನಡ ಸಬ್‌ಟೈಟಲ್ ಬರೆಯುವುದು ನನ್ನ ಕೆಲಸ. ‘ದೇ ಸ್ಕ್ರೂಡ್ ಮಿ ಓವರ್’ ಅನ್ನುವ ಮಾತು ಪದೇ ಪದೇ ಎದುರಾಗುತ್ತದೆ. ಸಿಟ್ಟು ಜಾಸ್ತಿಯಾದರೆ ‘ಸ್ಕ್ರೂ’ ಹೋಗಿ ‘ಫಕ್’ ಬರುತ್ತದೆ. ಬಿಡಿಯಾಗಿ ಎರಡೂ ಹಾಸಿಗೆಗೆ ಸೇರಿದ ಪೋಲಿ ಮಾತುಗಳೇ. ಪಕ್ಕಕ್ಕೆ ‘ಓವರ್’ ಸೇರಿತೋ, ಆ ವಿಷಯ ಅಲ್ಲಿಗೆ ಮುಗಿಯಿತು. ತನ್ನ ಲಾಭಕ್ಕೆ ಇನ್ನೊಬ್ಬನನ್ನು ಬಳಸಿಕೊಂಡು ಮುಳುಗಿಸಿದ ಅಂತ ಅರ್ಥ. ‘ಸ್ಕ್ರೂ ಅಪ್’ ಬೇರೆ. ಅದು ಸುಮ್ನೆ ಕೆಲಸ ಕೆಡಿಸುವುದು.

ಎಲ್ಲ ಕಡೆ ‘ಮೋಸ ಮಾಡಿದರು’ ಅಂತ ಹಾಕಿ ಮುಂದೆ ಹೋಗಬಹುದು. ನನಗೆ ಅದು ಸಪ್ಪೆ. ಯಾರು, ಯಾರಿಗೆ ಮಾಡಿದ್ದು ಅಂತ ಮೊದಲು ನೋಡುತ್ತೇನೆ. ದುಡ್ಡು ಹೋಗಿದ್ದರೆ ‘ಟೋಪಿ ಹಾಕಿದ’ ಅಥವಾ ‘ನಾಮ ಹಾಕಿದ’. ನಂಬಿದ ಗೆಳೆಯ ಕೊನೇ ಗಳಿಗೆಯಲ್ಲಿ ಜಾರಿಕೊಂಡಿದ್ದರೆ ‘ಕೈ ಕೊಟ್ಟ’. ಆಫೀಸಿನಲ್ಲಿ ಜೊತೆಯವನೇ ಬಾಸ್ ಹತ್ತಿರ ಚುಚ್ಚಿಕೊಟ್ಟಿದ್ದರೆ ‘ಬತ್ತಿ ಇಟ್ಟ’. ವರ್ಷಗಟ್ಟಲೆ ದುಡಿಸಿಕೊಂಡ ಕಂಪನಿ ಪಿಂಚಣಿ ನುಂಗಿ ಹೊರಗೆ ಹಾಕಿದ್ದರೆ ಇವ್ಯಾವೂ ಸಾಲವು. ಅಲ್ಲಿ ‘ಹೊಟ್ಟೆ ಮೇಲೆ ಹೊಡೆದ್ರು’ ಅಂತಲೇ ಬರೆಯುತ್ತೇನೆ.

ನಿಜವಾದ ತಲೆನೋವು ‘ಫಕ್ ಓವರ್’. ಅರ್ಥ ಅದೇ, ಖಾರ ಬೇರೆ. ನಮ್ಮ ಟೋಪಿ, ನಾಮ, ಬತ್ತಿ ಯಾವುದರಲ್ಲೂ ಹೊಲಸಿಲ್ಲ. ಅಜ್ಜಿ ಮುಂದೆಯೂ ಆಡಬಹುದು. ಇಂಗ್ಲಿಷಿನಲ್ಲಿ ಮಾಡಿದ ಕೆಲಸದ ಹೆಸರೇ ಬೈಗುಳ. ನಾವು ಬೈಯುವುದು ಮಾಡಿದವನನ್ನು, ಅಲ್ವಾ? ಹಾಗಾಗಿ ಖಾರವನ್ನು ಅಲ್ಲಿಗೆ ಸಾಗಿಸುತ್ತೇನೆ: ‘ಹೊಟ್ಟೆ ಮೇಲೆ ಹೊಡೆದ್ರು ಬಡ್ಡಿಮಕ್ಳು!’ ದೊಡ್ಡವರಿಗಷ್ಟೇ ಅಂತ ಗುರುತು ಹಾಕಿದ ಸೀರೀಸ್ ಆದರೆ ‘ಸೂಳೆಮಕ್ಳು’ ಅಂತಲೂ ಹಾಕಿದ್ದುಂಟು. ಮಾತಿನಲ್ಲಿ ಕೇಳಿದ್ದಕ್ಕಿಂತ ಪರದೆ ಮೇಲೆ ಅಕ್ಷರದಲ್ಲಿ ಕಂಡ ಬೈಗುಳ ಜಾಸ್ತಿ ಚುಚ್ಚುತ್ತದೆ. ಅದಕ್ಕೇ ಒಂದೇ ದೃಶ್ಯದಲ್ಲಿ ಎರಡನೇ ಸಲ ಬಂದರೆ ಸ್ವಲ್ಪ ತಗ್ಗಿಸುತ್ತೇನೆ.

ಜಾಗದ ಗಲಾಟೆ ಬೇರೆ. ಪರದೆಯಲ್ಲಿ ಸಿಗುವುದು ಎರಡೇ ಸಾಲು. ಇಂಗ್ಲಿಷಿಗೆ ನೆಟ್‌ಫ್ಲಿಕ್ಸ್ ಇಟ್ಟಿರುವ ಮಿತಿ ಸಾಲಿಗೆ 42 ಅಕ್ಷರ. ‘ನನ್ನನ್ನು ಬಳಸಿಕೊಂಡು ಅನ್ಯಾಯ ಮಾಡಿದರು’ ಅಂತ ವಿವರಿಸುತ್ತಾ ಕೂತರೆ, ಓದಿ ಮುಗಿಸುವಷ್ಟರಲ್ಲಿ ಪಾತ್ರ ಬಾಗಿಲು ದಾಟಿರುತ್ತದೆ.

‘ಐ ಗಾಟ್ ಸ್ಕ್ರೂಡ್ ಓವರ್’ ಬಂದಾಗ ದಾರಿ ಬದಲಿಸುತ್ತೇನೆ. ಅಲ್ಲಿ ಮಾಡಿದವನ ಹೆಸರಿಲ್ಲ, ಬೈಯಲು ಆಳೇ ಇಲ್ಲ. ‘ನಾನು ಮೋಸಗೊಳಿಸಲ್ಪಟ್ಟೆ’ ಥರದ ಕನ್ನಡ ಯಾರೂ ಆಡುವುದಿಲ್ಲ. ‘ಥೂ, ಬಕ್ರಾ ಆದೆ’ ಅಂತ ಬರೆದು ಮುಂದಿನ ಸಾಲಿಗೆ ಹೋಗುತ್ತೇನೆ.