ನೆಬ್ರಾಸ್ಕಾದ ಪುಟ್ಟ ಹಳ್ಳಿಯೊಂದರ ಚರಿತ್ರೆ ಹುಡುಕುವ ಕ್ರಮ

ನೆಬ್ರಾಸ್ಕಾ ರಾಜ್ಯದ ಉತ್ತರದಂಚಿನ ಬಾಯ್ಡ್ ಕೌಂಟಿಯಲ್ಲಿರುವ ಮಾನೊವೈ ಹಳ್ಳಿ 1902ರಲ್ಲಿ ರೈಲಿನ ಜೊತೆಗೇ ಹುಟ್ಟಿತು. 1930ರ ದಶಕದಲ್ಲಿ ಅಲ್ಲಿ ಸುಮಾರು 150 ಜನರಿದ್ದರು. 2010ರ ಜನಗಣತಿಯ ಹೊತ್ತಿಗೆ ಉಳಿದದ್ದು ಒಬ್ಬರೇ. ಇಂಥ ಊರುಗಳ ಮೇಲೆ ದೊಡ್ಡ ಗ್ರಂಥಗಳು ಸಿಗುವುದು ಅಪರೂಪ. ಕಾಗದಪತ್ರ ಮಾತ್ರ ಬೇಕಾದಷ್ಟಿದೆ. ಅದು ಜಮೀನಿನ ನಂಬರಿನಲ್ಲಿ, ಅಂಚೆ ಕಚೇರಿಯ ಕಡತದಲ್ಲಿ, ರೈಲು ಕಂಪನಿಯ ಹೆಸರಿನಲ್ಲಿ ಹಂಚಿಹೋಗಿರುತ್ತದೆ. ಊರಿನ ಹೆಸರೊಂದನ್ನೇ ಹಿಡಿದು ಹುಡುಕಿದವರಿಗೆ ಏನೂ ಸಿಗದಿರುವುದು ಇದೇ ಕಾರಣಕ್ಕೆ.

ಮೊದಲು ಜಮೀನಿನ ವಿಳಾಸ

ನಮ್ಮಲ್ಲಿ ಸರ್ವೆ ನಂಬರ್ ಇದ್ದಂತೆ ಅಲ್ಲಿ ಸೆಕ್ಷನ್, ಟೌನ್‌ಶಿಪ್, ರೇಂಜ್ ಎಂಬ ಮೂರು ಅಂಕಿಗಳಿವೆ. ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕ ಒಂದು ಟೌನ್‌ಶಿಪ್. ಅದರೊಳಗೆ 36 ಸೆಕ್ಷನ್. ಒಂದು ಸೆಕ್ಷನ್ ಎಂದರೆ ಒಂದು ಚದರ ಮೈಲಿ, 640 ಎಕರೆ. ನಂಬರ್ ಹೋಗುವುದು ಹೊಲ ಉಳುವ ಎತ್ತು ತಿರುಗುವ ಹಾಗೆ: ಈಶಾನ್ಯ ಮೂಲೆಯಲ್ಲಿ 1, ಪಶ್ಚಿಮಕ್ಕೆ 6ರವರೆಗೆ, ಅದರ ಕೆಳಗೇ 7, ಅಲ್ಲಿಂದ ಪೂರ್ವಕ್ಕೆ 12, ಮತ್ತೆ ಕೆಳಗಿಳಿದು ಪಶ್ಚಿಮಕ್ಕೆ. ಕೊನೆಯ 36 ಆಗ್ನೇಯ ಮೂಲೆಗೆ ಬೀಳುತ್ತದೆ. ಎಡದಿಂದ ಬಲಕ್ಕೆ ಎಣಿಸಿಬಿಟ್ಟರೆ ಐದು ಮೈಲಿ ಆಚೆಯ ಬೇರೊಬ್ಬರ ಹೊಲದ ಚರಿತ್ರೆ ಬರೆದಿರುತ್ತೀರಿ.

ಈ ಅಂಕಿಗಳನ್ನು ಅಮೆರಿಕದ ಭೂವಿಜ್ಞಾನ ಸಮೀಕ್ಷೆಯ ಹಳೆಯ ನಕ್ಷೆಗಳಲ್ಲಿ ನೋಡಿ. ಅದರ ಟೋಪೊವ್ಯೂ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಬರೆದುಕೊಂಡದ್ದು ಸರಿಯೇ ಎಂದು ಪರೀಕ್ಷಿಸಲು ಒಂದು ಸುಲಭ ಲೆಕ್ಕವಿದೆ. ಟೌನ್‌ಶಿಪ್ ನಂಬರ್ ಚೌಕ ಉತ್ತರ-ದಕ್ಷಿಣವಾಗಿ ಎಷ್ಟನೆಯದು ಎಂದು ಹೇಳಿದರೆ, ರೇಂಜ್ ನಂಬರ್ ಪೂರ್ವ-ಪಶ್ಚಿಮವಾಗಿ ಎಷ್ಟನೆಯದು ಎಂದು ಹೇಳುತ್ತದೆ. ನೆಬ್ರಾಸ್ಕಾದಲ್ಲಿ ಟೌನ್‌ಶಿಪ್ ಎಣಿಕೆ ದಕ್ಷಿಣದ ಕಾನ್ಸಾಸ್ ಗಡಿಯಿಂದ ಶುರುವಾಗುತ್ತದೆ. ಉದಾಹರಣೆಗೆ 33ನೇ ಟೌನ್‌ಶಿಪ್ಪಿನ ದಕ್ಷಿಣದ ಅಂಚು ಗಡಿಯಿಂದ ಹೆಚ್ಚುಕಡಿಮೆ 192 ಮೈಲಿ ದೂರ ಇರಬೇಕು. ಲೆಕ್ಕ ತಾಳೆಯಾಗದಿದ್ದರೆ ಅಂಕಿ ಓದಿದ್ದರಲ್ಲೇ ತಪ್ಪಿದೆ.

ವರ್ಜೀನಿಯಾ, ಕೆಂಟಕಿಯಂಥ ಹಳೆಯ ರಾಜ್ಯಗಳಲ್ಲಿ ಈ ಚೌಕಗಳಿಲ್ಲ. ಅಲ್ಲಿ ನಮ್ಮ ಚೆಕ್ಕುಬಂದಿಯ ರೀತಿಯೇ: ಇಂಥ ಮರದಿಂದ ಹೊಳೆಯ ತಿರುವಿನವರೆಗೆ, ಅಲ್ಲಿಂದ ಇಂಥವರ ಬೇಲಿಯವರೆಗೆ. ಮರ ಬಿದ್ದುಹೋಗಿ, ಹೊಳೆ ದಿಕ್ಕು ಬದಲಿಸಿ ದಶಕಗಳೇ ಆಗಿರುತ್ತವೆ. ಹಾಗಾಗಿ ನೆರೆಯ ಎಲ್ಲ ಜಮೀನುಗಳ ಪತ್ರಗಳನ್ನೂ ಒಟ್ಟಿಗೆ ಜೋಡಿಸಿಕೊಳ್ಳಬೇಕು.

ಯಾರ ನೆಲ, ಯಾರಿಗೆ ಹೋಯಿತು

ಕೇಂದ್ರ ಭೂನಿರ್ವಹಣಾ ಇಲಾಖೆಯ ಜನರಲ್ ಲ್ಯಾಂಡ್ ಆಫೀಸ್ ದಾಖಲೆಗಳ ತಾಣದಲ್ಲಿ ವ್ಯಕ್ತಿಯ ಹೆಸರಿನ ಜಾಗ ಖಾಲಿ ಬಿಟ್ಟು, ಮೂರು ಅಂಕಿಗಳನ್ನಷ್ಟೇ ತುಂಬಿ. ಆ ಸೆಕ್ಷನ್ನಿನಲ್ಲಿ ಸರ್ಕಾರದಿಂದ ಹಕ್ಕುಪತ್ರ ಪಡೆದವರ ಪಟ್ಟಿ ಬರುತ್ತದೆ. 1862ರ ಹೋಮ್‌ಸ್ಟೆಡ್ ಕಾಯ್ದೆಯಡಿ ಒಬ್ಬರಿಗೆ 160 ಎಕರೆ ಸಿಗುತ್ತಿತ್ತು. ನಮ್ಮ ಲೆಕ್ಕದಲ್ಲಿ 6,400 ಗುಂಟೆ. ಐದು ವರ್ಷ ಅಲ್ಲೇ ವಾಸವಿದ್ದು ಸಾಗುವಳಿ ಮಾಡಬೇಕಿತ್ತು. 1912ರಲ್ಲಿ ಆ ಅವಧಿ ಮೂರು ವರ್ಷಕ್ಕೆ ಇಳಿಯಿತು. 16 ಮತ್ತು 36ನೇ ಸೆಕ್ಷನ್‌ಗಳು ಶಾಲೆಗಳ ಆದಾಯಕ್ಕೆ ಮೀಸಲಾಗಿದ್ದವು, ಅಲ್ಲಿ ಹೋಮ್‌ಸ್ಟೆಡ್ ಹುಡುಕಿ ಸಮಯ ಕಳೆಯಬೇಡಿ.

ಹಕ್ಕುಪತ್ರ ಒಂದೇ ಹಾಳೆ. ನಿಜವಾದ ನಿಧಿ ಇರುವುದು ರಾಷ್ಟ್ರೀಯ ಪತ್ರಾಗಾರದ ಹೋಮ್‌ಸ್ಟೆಡ್ ಕಡತದಲ್ಲಿ. ಮನೆ ಎಷ್ಟು ಅಡಿ ಉದ್ದಗಲ, ಬಾವಿ ಇತ್ತೇ, ಎಷ್ಟು ಎಕರೆ ಉತ್ತಿದ್ದರು, ಯಾವ ಬೆಳೆ ಎಂಬುದನ್ನು ನೆರೆಯವರು ಸಾಕ್ಷಿ ನುಡಿದಿರುತ್ತಾರೆ. ಕಡತ ತರಿಸಲು ಜಮೀನಿನ ಪೂರ್ಣ ವಿವರಣೆ, ಭೂ ಕಚೇರಿಯ ಹೆಸರು, ಹಕ್ಕುಪತ್ರದ ನಂಬರ್ ಬೇಕು. ಬರ ತಾಳಲಾರದೆ ಬಿಟ್ಟುಹೋದವರಿಗೆ ಹಕ್ಕುಪತ್ರ ಬರಲಿಲ್ಲ, ಅವರು ಆ ಪಟ್ಟಿಯಲ್ಲಿಲ್ಲ. ಅವರಿಗಾಗಿ, ಜಮೀನಿಗೆ ಅರ್ಜಿ ಹಾಕಿದವರನ್ನೆಲ್ಲ ಬರೆದಿಟ್ಟ ಟ್ರ್ಯಾಕ್ಟ್ ಬುಕ್ ಎಂಬ ದಪ್ಪ ಪುಸ್ತಕಗಳನ್ನು ನೋಡಲೇಬೇಕು. ಸೋತು ಹೋದವರನ್ನು ಬಿಟ್ಟು ಬರೆದ ಊರಿನ ಚರಿತ್ರೆ ಅರ್ಧ ಚರಿತ್ರೆ.

ಅವರಿಗೂ ಹಿಂದೆ ಆ ನೆಲ ಖಾಲಿ ಇರಲಿಲ್ಲ. ನಾಯೊಬ್ರಾರಾ ನದಿಯ ಸುತ್ತಿನ ನೆಲ ಪೊಂಕಾ ಎಂಬ ಮೂಲನಿವಾಸಿ ಜನರದು. 1868ರ ಒಪ್ಪಂದದಲ್ಲಿ ಸರ್ಕಾರ ಅದನ್ನು ತಪ್ಪಾಗಿ ಸೂ ಜನರ ಮೀಸಲಿಗೆ ಸೇರಿಸಿತು, 1877ರಲ್ಲಿ ಪೊಂಕಾಗಳನ್ನು ಬಲವಂತವಾಗಿ ಇಂದಿನ ಓಕ್ಲಹೋಮಾಕ್ಕೆ ಸಾಗಿಸಿತು. ಅವರ ಮುಖಂಡ ಸ್ಟ್ಯಾಂಡಿಂಗ್ ಬೇರ್ 1879ರಲ್ಲಿ ಒಮಾಹಾ ನ್ಯಾಯಾಲಯದಲ್ಲಿ ಹೋರಾಡಿ, ಮೂಲನಿವಾಸಿಯೂ ಕಾನೂನಿನ ಕಣ್ಣಿನಲ್ಲಿ ಒಬ್ಬ ವ್ಯಕ್ತಿ ಎಂಬ ತೀರ್ಪು ಪಡೆದ. ಊರಿನ ಕಾಲಾನುಕ್ರಮ ಬರೆಯುವಾಗ 1902ನ್ನು ಮೊದಲ ಸಾಲಾಗಿಸಬೇಡಿ.

ಆಮೇಲಿನ ಕ್ರಯ, ಅಡಮಾನ ಕೌಂಟಿ ಕೇಂದ್ರದಲ್ಲಿ ಸಿಗುತ್ತದೆ. ಬಾಯ್ಡ್‌ಗೆ ಅದು ಬ್ಯೂಟ್ ಎಂಬ ಊರು. ಅಲ್ಲಿ ‘ನ್ಯೂಮರಿಕಲ್ ಇಂಡೆಕ್ಸ್’ ಕೇಳಿ. ನಮ್ಮ ಇ.ಸಿ. ಇದ್ದ ಹಾಗೆ, ಒಂದು ಜಮೀನಿನ ಮೇಲೆ ನಡೆದ ವ್ಯವಹಾರಗಳು ಅದರಲ್ಲಿ ಸಾಲಾಗಿ ಸಿಗುತ್ತವೆ. ಬಾಯ್ಡ್ ಕೌಂಟಿ ರಚನೆಯಾದದ್ದು 1891ರಲ್ಲಿ. ಯಾವ ಕೌಂಟಿಯೇ ಆಗಲಿ, ರಚನೆಗಿಂತ ಹಿಂದಿನ ಪತ್ರಗಳು ಇದ್ದರೆ ಅದು ಒಡೆದುಬಂದ ಮೂಲ ಕೌಂಟಿಯಲ್ಲಿ ಕೇಳಬೇಕು.

ರೈಲು ಮತ್ತು ಅಂಚೆ

ರೈತ ಕುದುರೆಗಾಡಿಯಲ್ಲಿ ಕಾಳು ತಂದು ಹಾಕಿ ಕತ್ತಲಾಗುವುದರೊಳಗೆ ಮನೆ ಸೇರಬೇಕು ಎಂಬ ಲೆಕ್ಕದಲ್ಲಿ ರೈಲು ಕಂಪನಿಗಳು ಕೆಲವೇ ಮೈಲಿಗಳಿಗೊಂದು ಊರು ಕಟ್ಟಿದವು. ಹೆಸರುಗಳನ್ನೂ ಹಾಗೆಯೇ ಸಾಲಾಗಿ ಇಟ್ಟದ್ದುಂಟು: ದಕ್ಷಿಣ ನೆಬ್ರಾಸ್ಕಾದ ಬರ್ಲಿಂಗ್ಟನ್ ಹಳಿಯ ಮೇಲೆ ಕ್ರೀಟ್, ಡಾರ್ಚೆಸ್ಟರ್, ಎಕ್ಸೆಟರ್, ಫೇರ್‌ಮಾಂಟ್, ಗ್ರಾಫ್ಟನ್ ಎಂದು ಇಂಗ್ಲಿಷ್ ವರ್ಣಮಾಲೆಯ ಕ್ರಮದಲ್ಲೇ ಊರುಗಳಿವೆ. ಮಾನೊವೈಗೆ ಹಳಿ ತಂದದ್ದು ಫ್ರೀಮಾಂಟ್, ಎಲ್ಕ್‌ಹಾರ್ನ್ ಅಂಡ್ ಮಿಸೌರಿ ವ್ಯಾಲಿ ಕಂಪನಿ. 1903ರಲ್ಲಿ ಅದು ಚಿಕಾಗೊ ಅಂಡ್ ನಾರ್ತ್ ವೆಸ್ಟರ್ನ್‌ನಲ್ಲಿ ಸೇರಿಹೋಯಿತು. ಹಾಗಾಗಿ ಎರಡು ಹೆಸರುಗಳಲ್ಲೂ ಹುಡುಕಿ.

ಅಂಚೆ ದಾಖಲೆ ಎರಡು ಬಗೆ. ರಾಷ್ಟ್ರೀಯ ಪತ್ರಾಗಾರದ ಎಂ841 ಎಂಬ ಮೈಕ್ರೋಫಿಲ್ಮ್ ಸುರುಳಿಗಳಲ್ಲಿ 1832ರಿಂದ 1971ರವರೆಗಿನ ಪೋಸ್ಟ್‌ಮಾಸ್ಟರ್ ನೇಮಕಗಳಿವೆ. ಎಂ1126ರಲ್ಲಿ ಕಚೇರಿ ಇದ್ದ ಜಾಗದ ವರದಿಗಳು: ನದಿಯಿಂದ, ಹಳಿಯಿಂದ, ಪಕ್ಕದ ಅಂಚೆ ಕಚೇರಿಯಿಂದ ಎಷ್ಟು ದೂರ, ಕೆಲವೊಮ್ಮೆ ಕೈಯಲ್ಲಿ ಬರೆದ ನಕ್ಷೆ ಸಮೇತ. ಅಂಗಡಿಯವನೇ ಪೋಸ್ಟ್‌ಮಾಸ್ಟರ್ ಆಗಿರುವುದು ಸಾಮಾನ್ಯ, ಅಂಗಡಿ ಸ್ಥಳ ಬದಲಿಸಿದರೆ ಅಂಚೆ ಕಚೇರಿಯೂ ಹಿಂದೆಯೇ ಹೋಗುತ್ತಿತ್ತು.

ದಿನನಿತ್ಯದ ಬದುಕು

ಜನಗಣತಿಯ ಹೆಸರುಪಟ್ಟಿ 72 ವರ್ಷ ಗೋಪ್ಯ. 1950ರದು 2022ರ ಏಪ್ರಿಲ್‌ನಲ್ಲಿ ತೆರೆಯಿತು. 1890ರ ಪಟ್ಟಿ 1921ರ ಬೆಂಕಿಯ ನಂತರ ಬಹುತೇಕ ಇಲ್ಲವಾಯಿತು, ಅದನ್ನು ಹುಡುಕಬೇಡಿ. ಪಟ್ಟಿಯಲ್ಲಿ ಹಳ್ಳಿಯ ಹೆಸರು ಸಿಗದಿದ್ದರೆ ಸುತ್ತಲಿನ ಟೌನ್‌ಶಿಪ್ ಅಥವಾ ಪ್ರಿಸಿಂಕ್ಟ್ ಹೆಸರಿನಡಿ ನೋಡಿ (ಇಲ್ಲಿ ಇವೆರಡೂ ಕೌಂಟಿಯೊಳಗಿನ ಸಣ್ಣ ಆಡಳಿತ ವಿಭಾಗಗಳು). 1930ರದರಲ್ಲಿ ಮನೆಯಲ್ಲಿ ರೇಡಿಯೋ ಇದೆಯೇ ಎಂಬ ಕಾಲಂ ಇದೆ. 1940ರದರಲ್ಲಿ ಐದು ವರ್ಷದ ಹಿಂದೆ ಎಲ್ಲಿದ್ದಿರಿ ಎಂಬ ಪ್ರಶ್ನೆಯಿದೆ. ಬರಗಾಲದಲ್ಲಿ ಯಾರು ಎತ್ತ ಹೋದರು ಎಂದು ಇದರಿಂದ ತಿಳಿಯುತ್ತದೆ.

ಬದುಕಿನ ವಾಸನೆ ಸಿಗುವುದು ಕೌಂಟಿಯ ವಾರಪತ್ರಿಕೆಗಳ ‘ಲೋಕಲ್ಸ್’ ಅಂಕಣದಲ್ಲಿ: ಯಾರ ಮನೆಗೆ ಯಾರು ಬಂದರು, ಯಾರ ಕಣಜ ಸುಟ್ಟಿತು, ಮೊಟ್ಟೆಯ ಬೆಲೆ ಎಷ್ಟು. ಲೈಬ್ರರಿ ಆಫ್ ಕಾಂಗ್ರೆಸ್‌ನ ಕ್ರೋನಿಕ್ಲಿಂಗ್ ಅಮೆರಿಕಾದಲ್ಲಿ ಬಹಳಷ್ಟು ಪತ್ರಿಕೆಗಳು ಉಚಿತ. ಪುಟಗಳನ್ನು ಹುಡುಕಲು ಬರುವಂತೆ ಓದಿದ ಕಂಪ್ಯೂಟರ್ ಹಳೆಯ ಅಕ್ಷರಗಳನ್ನು ತಪ್ಪಾಗಿ ಓದಿರುತ್ತದೆ, ಆದ್ದರಿಂದ ಒಂದೇ ಪದಕ್ಕೆ ಅಂಟಿಕೊಳ್ಳದೆ ಪುಟಗಳನ್ನು ಕಣ್ಣಿನಿಂದಲೇ ತಿರುವಿ.

ಹಳೆಯ ಚಿತ್ರಗಳ ಕಾಲ ಗೊತ್ತುಮಾಡಲು ಪೋಸ್ಟ್‌ಕಾರ್ಡಿನ ಹಿಂಬದಿ ನೋಡಿ. ವಿಳಾಸಕ್ಕೂ ಒಕ್ಕಣೆಗೂ ನಡುವೆ ಗೆರೆಯಿದ್ದರೆ ಅದು 1907ರ ಮಾರ್ಚ್‌ನ ಬಳಿಕದ್ದೆಂದು ಹಿಡಿಯಬಹುದು. ಹೊಲದ ಮನೆಗೆ ವಿದ್ಯುತ್ ಲೈನ್ ಕಂಡರೆ ಬಹುಮಟ್ಟಿಗೆ 1936ರ ಗ್ರಾಮೀಣ ವಿದ್ಯುತ್ ಕಾಯ್ದೆಯ ನಂತರದ್ದು. ಟೆಲಿಫೋನ್ ಕಂಬಗಳು ಅದಕ್ಕಿಂತ ಮುಂಚೆಯೇ ಬಂದಿದ್ದವು, ಎರಡನ್ನೂ ಬೆರೆಸಬೇಡಿ.

ಸ್ಮಶಾನದ ಕಲ್ಲು ಓದಲು ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಹೋಗಿ, ಅಥವಾ ಕನ್ನಡಿಯಿಂದ ಪಕ್ಕದಿಂದ ಬೆಳಕು ಹಾಯಿಸಿ. ಸೀಮೆಸುಣ್ಣ, ಶೇವಿಂಗ್ ಕ್ರೀಮ್, ಬ್ಲೀಚ್ ಹಚ್ಚಲೇಬೇಡಿ, ಕಲ್ಲು ತಿಂದುಹೋಗುತ್ತದೆ. ನೀರು ಮತ್ತು ಮೆತ್ತನೆಯ ಬ್ರಷ್ ಸಾಕು.

ಇತ್ತೀಚಿನ ಅಂಕಿಗಳ ಬಗ್ಗೆ ಒಂದು ಎಚ್ಚರಿಕೆ. 2020ರ ಜನಗಣತಿ ಮಾನೊವೈಗೆ 2 ಎಂದು ತೋರಿಸುತ್ತದೆ. ಯಾರೂ ಅಲ್ಲಿಗೆ ಹೊಸದಾಗಿ ಬಂದಿರಲಿಲ್ಲ. ವ್ಯಕ್ತಿಗಳ ಗುರುತು ಸಿಗದಿರಲೆಂದು ಜನಗಣತಿ ಇಲಾಖೆ ಆ ಸಲ ಸಣ್ಣ ಪ್ರದೇಶಗಳ ಅಂಕಿಗಳಲ್ಲಿ ಬೇಕೆಂದೇ ಚೂರು ಹೆಚ್ಚುಕಡಿಮೆ ಮಾಡಿತ್ತು. ಸಾವಿರಾರು ಜನರ ಪಟ್ಟಣಕ್ಕೆ ಇದು ಲೆಕ್ಕಕ್ಕೇ ಬಾರದು, ಒಬ್ಬರೇ ಇರುವ ಊರಿನಲ್ಲಿ ಜನಸಂಖ್ಯೆ ಇಮ್ಮಡಿಯಾಗಿಬಿಡುತ್ತದೆ. ಆ ವರ್ಷದ ಸಂಖ್ಯೆ ಬರೆಯುವಾಗ ಪಕ್ಕದಲ್ಲಿ ಈ ಕಾರಣವನ್ನೂ ಬರೆಯಿರಿ.