ಚಳಿಯಲ್ಲಿ ಎಳೆ ಕೋಳಿಗಳನ್ನು ಹೊರಗಿನ ಗೂಡಿಗೆ ಬಿಡುವುದು ಹೇಗೆ?

ಐದಾರು ವಾರ ಕಳೆಯುವ ಹೊತ್ತಿಗೆ ಮರಿಗಳಿಗೆ ಬ್ರೂಡರ್ ಪೆಟ್ಟಿಗೆ, ಅಂದರೆ ದೀಪದ ಬಿಸಿಯಲ್ಲಿ ಮರಿ ಸಾಕುವ ಪೆಟ್ಟಿಗೆ, ಸಾಲುವುದಿಲ್ಲ. ಒಂದರ ಮೇಲೊಂದು ಹತ್ತುತ್ತವೆ. ಧೂಳು ಮನೆಯೆಲ್ಲ ಹರಡುತ್ತದೆ. ಜಾಗ ಸಾಲದೆ ಒಂದನ್ನೊಂದು ಕುಕ್ಕಲೂ ಶುರು ಮಾಡುತ್ತವೆ. ಹೊರಗೆ ನೋಡಿದರೆ ಚಳಿ. ಬಿಡಬೇಕೋ ಬೇಡವೋ ಎಂದು ಮನಸ್ಸು ಹೊಯ್ದಾಡುವುದು ಸಹಜವೇ.

ಬಿಡಬಹುದು, ಆದರೆ ಒಂದೇ ದಿನಕ್ಕೆ ಬೇಡ. ಗರಿ ಬಂದ ಕೋಳಿ ಚಳಿಯನ್ನು ನಾವಂದುಕೊಂಡದ್ದಕ್ಕಿಂತ ಚೆನ್ನಾಗಿ ತಡೆಯುತ್ತದೆ. ಅದು ತಡೆಯಲಾರದ್ದು ತೇವವನ್ನು, ಮತ್ತು ದಿಢೀರ್ ಬದಲಾವಣೆಯನ್ನು.

ಮೊದಲು ಗರಿ ನೋಡಿ

ಸುಮ್ನೆ ವಾರ ಎಣಿಸಿ ತೀರ್ಮಾನಿಸಬೇಡಿ. ಮರಿಯನ್ನು ಕೈಗೆತ್ತಿಕೊಂಡು ಕತ್ತು, ಎದೆ, ರೆಕ್ಕೆಯ ಅಡಿ ನೋಡಿ. ಅಲ್ಲೆಲ್ಲ ಮರಿತನದ ತುಪ್ಪಳ ಹೋಗಿ ಸರಿಯಾದ ಗರಿ ಬಂದಿರಬೇಕು. ತಲೆಯ ಮೇಲೆ ಚೂರು ತುಪ್ಪಳ ಉಳಿದಿದ್ದರೆ ಪರವಾಗಿಲ್ಲ. ಸಾಮಾನ್ಯವಾಗಿ ಇದಕ್ಕೆ 6 ವಾರ ಬೇಕು, ಕೆಲವು ತಳಿಗಳಿಗೆ 8 ವಾರ. ಸಿಲ್ಕಿ ತಳಿಯಾದರೆ ಇನ್ನಷ್ಟು ಕಾಯಿರಿ. ಅವುಗಳ ಗರಿಯ ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳುವುದಿಲ್ಲ, ಹಾಗಾಗಿ ನೀರು ಜಾರಿ ಹೋಗದೆ ಮೈವರೆಗೂ ಇಳಿಯುತ್ತದೆ.

ಕೋಳಿಯ ಮೈಬಿಸಿ ಸುಮಾರು 41 ಡಿಗ್ರಿ. ಗರಿಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಆ ಬಿಸಿಯನ್ನು ಹಿಡಿದಿಡುತ್ತದೆ. ಗರಿ ಒದ್ದೆಯಾದರೆ ಆ ಗಾಳಿಗೆ ಜಾಗವೇ ಇರುವುದಿಲ್ಲ.

ದೀಪ ಬಿಡಿಸಿ

ಮೊದಲ ವಾರ 33ರಿಂದ 35 ಡಿಗ್ರಿ ಬಿಸಿ ಕೊಟ್ಟು, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತ ಬಂದಿದ್ದರೆ, ಈ ಹೊತ್ತಿಗೆ ಮರಿಗಳು 20ರ ಆಸುಪಾಸಿಗೆ ಒಗ್ಗಿರುತ್ತವೆ. ಈಗ ಮೂರು ದಿನ ಹಗಲಲ್ಲಿ ದೀಪ ಆರಿಸಿ. ನಂತರ ರಾತ್ರಿಯೂ ಆರಿಸಿ. ಅದಕ್ಕೂ ಒಗ್ಗಿದ ಮೇಲೆ ಪೆಟ್ಟಿಗೆಯನ್ನು ಮನೆಯ ತಣ್ಣನೆಯ ಕೋಣೆಗೆ ಸಾಗಿಸಿ, ಮೂರ್ನಾಲ್ಕು ರಾತ್ರಿ ಅಲ್ಲೇ ಇರಲಿ. ಇದೇ ದಿನಗಳಲ್ಲಿ ಮಧ್ಯಾಹ್ನ ಬಿಸಿಲಿರುವಾಗ ಒಂದು ಗಂಟೆ ಹೊರಗೆ ಬಿಡಿ, ಮಾರನೆಯ ದಿನ ಎರಡು ಗಂಟೆ. ಇದಕ್ಕೆಲ್ಲ ಹತ್ತು ದಿನ ಇಟ್ಟುಕೊಳ್ಳಿ.

ಥರ್ಮಾಮೀಟರ್ ಇರಲಿ, ಆದರೆ ಮರಿಗಳ ದನಿಗೂ ಕಿವಿ ಕೊಡಿ. ಚಳಿಯಾದರೆ ಒತ್ತಾಗಿ ಗುಂಪುಗೂಡಿ, ಬಿಡದೆ ಜೋರಾಗಿ ಚಿಯ್ ಚಿಯ್ ಎನ್ನುತ್ತವೆ. ಸೆಕೆಯಾದರೆ ಕೊಕ್ಕು ತೆರೆದು, ರೆಕ್ಕೆ ಇಳಿಬಿಟ್ಟು ದೂರ ಸರಿಯುತ್ತವೆ. ಹಾಯಾಗಿದ್ದರೆ ಚೆದುರಿ ಓಡಾಡುತ್ತ ಮೆಲ್ಲಗೆ ಗುಣುಗುಟ್ಟುತ್ತವೆ. ಜೋರು ಕೂಗು ನಿಲ್ಲದಿದ್ದರೆ ಒಂದು ಹೆಜ್ಜೆ ಹಿಂದೆ ಹೋಗಿ, ಎರಡು ದಿನ ಬಿಟ್ಟು ಮತ್ತೆ ಶುರು ಮಾಡಿ.

ಗೂಡು ಒಣಗಿರಲಿ, ಗಾಳಿಯೂ ಆಡಲಿ

ಹೆಚ್ಚಿನವರು ತಪ್ಪುವುದು ಇಲ್ಲೇ. ನಾನೂ ಮೊದಲ ಸಲ ಚಳಿ ಎಂದು ಗೂಡಿನ ಕಿಂಡಿಗಳಿಗೆಲ್ಲ ಗೋಣಿಚೀಲ ತುರುಕಿದ್ದೆ. ಬೆಳಿಗ್ಗೆ ಬಾಗಿಲು ತೆಗೆದರೆ ಮಾಡಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಘಾಟಿಗೆ ಕಣ್ಣು ಉರಿಯಿತು. ಮರಿಗಳ ಗರಿ ಮುಟ್ಟಿದರೆ ತೇವ. ರಾತ್ರಿಯಿಡೀ ಅವು ಅದೇ ಗಾಳಿ ಉಸಿರಾಡಿದ್ದವು ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ.

ಉಸಿರಿನಿಂದಲೂ ಹಿಕ್ಕೆಯಿಂದಲೂ ಏಳುವ ಆವಿ ಹೊರಗೆ ಹೋಗಲೇಬೇಕು. ಹೋಗದಿದ್ದರೆ ಹಿಕ್ಕೆಯ ಅಮೋನಿಯಾ ಉಸಿರಾಟ ಕೆಡಿಸುತ್ತದೆ. ನೀರು ಹೆಪ್ಪುಗಟ್ಟುವಷ್ಟು ಚಳಿಯಲ್ಲಿ ಆ ತೇವದಿಂದಲೇ ಜುಟ್ಟಿನ ತುದಿ ಸತ್ತು ಕಪ್ಪಾಗುತ್ತದೆ. ಆದ್ದರಿಂದ ಮೇಲಿನ ಕಿಂಡಿಗಳನ್ನು, ಅಂದರೆ ಕೂತ ಕೋಳಿಯ ತಲೆಗಿಂತ ಎತ್ತರದಲ್ಲಿರುವವನ್ನು, ತೆರೆದಿಡಿ. ಕೆಳಗಿನ ಸಂದುಗಳನ್ನು ಮುಚ್ಚಿ. ಗಾಳಿ ಮೇಲೆ ಆಡಬೇಕು, ಮೈಗೆ ಬಡಿಯಬಾರದು.

ನೆಲಕ್ಕೆ ಮರ ಹೆರೆದ ಒಣ ಸಿಪ್ಪೆಯನ್ನು 10ರಿಂದ 15 ಸೆಂಟಿಮೀಟರ್ ದಪ್ಪಕ್ಕೆ ಹಾಸಿ. ಆಗಾಗ ಒಂದು ಹಿಡಿ ತೆಗೆದು ಹಿಂಡಿ ನೋಡಿ. ಉಂಡೆಯಾಗಿ ನಿಂತರೆ ತೇವ ಜಾಸ್ತಿಯಾಗಿದೆ, ಬದಲಿಸಿ.

ನಾಲ್ಕೈದೇ ಮರಿಗಳಿದ್ದು ಗೂಡು ದೊಡ್ಡದಾಗಿದ್ದರೆ, ಒಂದು ಮೂಲೆಯನ್ನು ರಟ್ಟಿನಿಂದ ಬೇರೆ ಮಾಡಿ ಸಣ್ಣ ಜಾಗ ಮಾಡಿಕೊಡಿ. ಮೂಲೆಗಳನ್ನು ರಟ್ಟು ಬಾಗಿಸಿ ದುಂಡಗೆ ಮಾಡುವುದು ಮುಖ್ಯ. ಚಳಿಗೋ ಹೆದರಿಕೆಗೋ ಮರಿಗಳು ಮೂಲೆಗೆ ನುಗ್ಗಿ ಒಂದರ ಮೇಲೊಂದು ಬಿದ್ದರೆ ಅಡಿಯಲ್ಲಿದ್ದವು ಉಸಿರುಗಟ್ಟಿ ಸಾಯುತ್ತವೆ. ಕೂರಲು ಅಡ್ಡಪಟ್ಟಿ ಹಾಕುವುದಾದರೆ 4–5 ಸೆಂಟಿಮೀಟರ್ ಅಗಲ, ಚಪ್ಪಟೆಯಾಗಿರಲಿ. ಆಗ ಪಾದ ಪೂರ್ತಿ ಗರಿಯಡಿ ಅಡಗುತ್ತದೆ.

ಗೂಡಿನೊಳಗೆ ಬಿಸಿ ಬಲ್ಬ್ ತೂಗುಹಾಕುವುದು ಬೇಡ ಎಂದೇ ನನ್ನ ಸಲಹೆ. ಒಣ ಹಾಸು, ಧೂಳು, ಹಾರಾಡುವ ಕೋಳಿಗಳು. ಬಲ್ಬ್ ಒಮ್ಮೆ ಕಳಚಿ ಬಿದ್ದರೆ ಗೂಡೇ ಹೊತ್ತಿಕೊಳ್ಳುತ್ತದೆ.

ಬಿಡುವ ದಿನ

ಮಳೆ, ಜೋರು ಗಾಳಿ ಇಲ್ಲದ ಎರಡು ಮೂರು ದಿನ ಸಿಗುವಾಗ ಬಿಡಿ. ಬೆಳಿಗ್ಗೆಯೇ ಎಲ್ಲವನ್ನೂ ಒಟ್ಟಿಗೆ ಸಾಗಿಸಿದರೆ ಕತ್ತಲಾಗುವುದರೊಳಗೆ ಜಾಗ ಪರಿಚಯವಾಗುತ್ತದೆ. ಹಳೆಯ ಮೇವಿನ ತಟ್ಟೆ, ನೀರಿನ ಪಾತ್ರೆಯನ್ನೇ ಇಡಿ. ಮೊದಲ ನಾಲ್ಕೈದು ದಿನ ಗೂಡಿನಿಂದ ಹೊರಗೆ ಬಿಡಬೇಡಿ. ಅದೇ ತಮ್ಮ ಮನೆ ಎಂದು ಅವಕ್ಕೆ ಗೊತ್ತಾಗಬೇಕಲ್ವಾ?

ರಾತ್ರಿ ಟಾರ್ಚ್ ಹಿಡಿದು ಒಮ್ಮೆ ಹೋಗಿ ನೋಡಿ. ಎದೆಯ ಮೇಲ್ಭಾಗದ ಮೇವಿನ ಚೀಲ ಮುಟ್ಟಿದರೆ ತುಂಬಿರಬೇಕು. ಚಳಿಯಲ್ಲಿ ಮೈ ಬಿಸಿಯಾಗಿಡಲು ಅವು ಜಾಸ್ತಿ ತಿನ್ನುತ್ತವೆ, ಹಾಗಾಗಿ ಮೇವು ಖಾಲಿಯಾಗದಂತೆ ನೋಡಿಕೊಳ್ಳಿ. ಆದರೆ ಮೊಟ್ಟೆ ಕೋಳಿಗಳ ಲೇಯರ್ ಮೇವು ಹಾಕಲೇಬೇಡಿ. ಅದರ ಜಾಸ್ತಿ ಕ್ಯಾಲ್ಸಿಯಂ ಎಳೆ ಕೋಳಿಯ ಮೂತ್ರಪಿಂಡಕ್ಕೆ ಕೆಡುಕು. ನೀರು ಹೆಪ್ಪುಗಟ್ಟಿದೆಯೇ ಎಂದು ದಿನಕ್ಕೆ ಎರಡು ಸಲವಾದರೂ ನೋಡಿ. ಗೂಡಿನಲ್ಲಿ ದೊಡ್ಡ ಕೋಳಿಗಳಿದ್ದರೆ ನಡುವೆ ಜಾಲರಿ ಕಟ್ಟಿ, ಎರಡು ವಾರ ಬರೀ ನೋಡಿಕೊಂಡಿರಲಿ.

ಒಂದು ಮರಿ ಗರಿ ಕೆದರಿಕೊಂಡು, ಕಣ್ಣು ಮುಚ್ಚಿ, ಗುಂಪಿನಿಂದ ದೂರ ಕೂತರೆ ತಡ ಮಾಡಬೇಡಿ. ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ಕಾಕ್ಸಿಡಿಯೋಸಿಸ್ ಎಂಬ ಕರುಳಿನ ರೋಗ ಇರಬಹುದು, ಅದೇ ದಿನ ಪಶುವೈದ್ಯರಿಗೆ ತೋರಿಸಿ. ಬರೀ ಒದ್ದೆಯಾಗಿ ನಡುಗುತ್ತಿದ್ದರೆ ಬಟ್ಟೆಯಲ್ಲಿ ಒರೆಸಿ ಒಳಗೆ ತನ್ನಿ. ಬುಡದವರೆಗೂ ಗರಿ ಒಣಗುವ ತನಕ ವಾಪಸ್ ಬಿಡಬೇಡಿ. ತರುವಾಗ ಜೊತೆಗೆ ಇನ್ನೊಂದು ಮರಿಯನ್ನೂ ತನ್ನಿ. ಒಂಟಿಯೆಂದು ಹೆದರುವುದಿಲ್ಲ, ವಾಪಸ್ ಬಿಟ್ಟಾಗ ಗುಂಪಿಗೆ ಸೇರಿಕೊಳ್ಳುವುದೂ ಸುಲಭ.