ಕಡ್ಡಿ ಚುಚ್ಚಿದ ಗಿಡದ ಗಡ್ಡೆಯೇ ಬಿತ್ತನೆಗೆ

ಆಲೂಗಡ್ಡೆ ಅಗೆದ ದಿನ ಹೆಚ್ಚಿನ ಮನೆಗಳಲ್ಲಿ ಆಗುವುದು ಒಂದೇ. ದಪ್ಪ ಗಡ್ಡೆಗಳು ಅಡುಗೆಮನೆಗೆ ಹೋಗುತ್ತವೆ. ನಡುಗಾತ್ರದವನ್ನು ಬೇಕಾದವರಿಗೆ ಹಂಚುತ್ತೇವೆ. ಬುಟ್ಟಿಯ ತಳದಲ್ಲಿ ಗೋಲಿ ಗಾತ್ರದವು, ನಿಂಬೆ ಗಾತ್ರದವು ಉಳಿಯುತ್ತವಲ್ಲ, ಅವನ್ನು 'ಮುಂದಿನ ಸಲ ನೆಡೋಕೆ ಆಗುತ್ತೆ' ಅಂತ ಒಂದು ಮೂಲೆಯಲ್ಲಿ ಸುರಿಯುತ್ತೇವೆ. ನಾನೂ ಮೊದಲೆರಡು ಸಲ ಹೀಗೇ ಮಾಡಿದ್ದೆ. ಮೊದಲ ಬೆಳೆಯಲ್ಲಿ ಗಿಡಕ್ಕೆ ಎಂಟು ಹತ್ತು ಗಡ್ಡೆ ಸಿಕ್ಕಿದ್ದವು. ಮೂರನೇ ಬೆಳೆಯ ಹೊತ್ತಿಗೆ ನಾಲ್ಕು ಸಿಕ್ಕರೆ ಜಾಸ್ತಿ ಅನ್ನುವ ಹಾಗಾಯಿತು. ಗೊಬ್ಬರ ಅದೇ, ನೀರು ಅದೇ, ಪಾತಿ ಮಾತ್ರ ಪ್ರತಿ ಸಲ ಹೊಸದು. ಕೆಟ್ಟಿದ್ದು ಬಿತ್ತನೆ.

ಆಲೂಗಡ್ಡೆ ಬೀಜವಲ್ಲ, ಬೇರೂ ಅಲ್ಲ. ಅದು ಮಣ್ಣಿನೊಳಗೆ ಊದಿಕೊಂಡ ಕಾಂಡ. ಅದರ ಮೈಮೇಲಿನ ಕಣ್ಣುಗಳೆಲ್ಲ ಮೊಗ್ಗುಗಳು. ಅಂದರೆ ನೆಟ್ಟ ಗಡ್ಡೆಯಿಂದ ಏಳುವುದು ಹೊಸ ಗಿಡ ಅನ್ನುವುದಕ್ಕಿಂತ ಹಳೆಯ ಗಿಡದ್ದೇ ಮುಂದುವರಿದ ತುಂಡು. ತಾಯಿ ಗಿಡದ ಗುಣವೂ ಅದಕ್ಕೆ ಬರುತ್ತದೆ, ಕಾಯಿಲೆಯೂ ಬರುತ್ತದೆ. ನಂಜು ರೋಗ, ಅಂದರೆ ವೈರಸ್ ತಗುಲಿದ ಗಿಡ ಸಣ್ಣ ಗಡ್ಡೆಗಳನ್ನೇ ಬಿಡುವುದು ಹೆಚ್ಚು. ಬುಟ್ಟಿಯ ತಳದಿಂದ ಸಣ್ಣವನ್ನು ಆರಿಸಿದಾಗ ನಾವು ಗೊತ್ತಿಲ್ಲದೆ ಕಾಯಿಲೆ ಗಿಡಗಳನ್ನೇ ಆರಿಸಿರುತ್ತೇವೆ. ಗಡ್ಡೆ ನೋಡಿದರೆ ಇದು ತಿಳಿಯುವುದಿಲ್ಲ, ಏಕೆಂದರೆ ನಂಜು ರೋಗ ಸಾಮಾನ್ಯವಾಗಿ ಸಿಪ್ಪೆಯ ಮೇಲೆ ಗುರುತು ಬಿಡುವುದಿಲ್ಲ. ಅದು ಕಾಣುವುದು ಎಲೆಯಲ್ಲಿ. ಹಾಗಾಗಿ ಬಿತ್ತನೆ ಗಡ್ಡೆ ಆರಿಸುವ ಕೆಲಸ ಗಿಡ ಹಸಿರಾಗಿ ನಿಂತಿರುವಾಗಲೇ ಶುರುವಾಗಬೇಕು.

ಹೂ ಬಿಡುವ ಹೊತ್ತಿಗೆ ಕಡ್ಡಿ ಚುಚ್ಚಿ

ಗಿಡ ಹೂ ಬಿಡಲು ಶುರು ಮಾಡಿದಾಗ ಒಂದಷ್ಟು ಕಡ್ಡಿ ಹಿಡಿದು ಸಾಲಿನಲ್ಲಿ ನಡೆಯಿರಿ. ಹೂ ಬಿಡದ ತಳಿಯಾದರೆ, ಎಲೆಗಳು ಹರಡಿ ಸಾಲು ಮುಚ್ಚುವ ಸಮಯಕ್ಕೆ ಹೋಗಿ. ಇದಕ್ಕಿಂತ ತಡ ಮಾಡಬೇಡಿ. ಆಮೇಲೆ ಎಲ್ಲ ಗಿಡವೂ ವಯಸ್ಸಾಗಿ ಹಳದಿಯಾಗುತ್ತದೆ. ಮುದಿ ಗಿಡ ಯಾವುದು, ರೋಗದ ಗಿಡ ಯಾವುದು ಅಂತ ಗೊತ್ತಾಗುವುದಿಲ್ಲ.

ಒಳ್ಳೆಯ ಗಿಡದಲ್ಲಿ ಕಾಂಡಗಳು ದಪ್ಪವಾಗಿ ನೆಟ್ಟಗೆ ಇರುತ್ತವೆ. ಎಲೆ ಅಗಲವಾಗಿ, ಒಂದೇ ಬಣ್ಣದ ಹಸಿರಾಗಿರುತ್ತದೆ. ಅಂಥ ಗಿಡದ ಬುಡದ ಪಕ್ಕ ಕಡ್ಡಿ ಚುಚ್ಚಿ. ಎಲೆಯಲ್ಲಿ ತಿಳಿ ಹಸಿರು, ಕಡು ಹಸಿರು ಮಚ್ಚೆ ಮಚ್ಚೆಯಾಗಿ ಬೆರೆತಿದ್ದರೆ, ಎಲೆ ಸುಕ್ಕುಗಟ್ಟಿದ್ದರೆ ಆ ಗಿಡ ಬೇಡ. ಕೆಳಗಿನ ಎಲೆಗಳು ದೋಣಿಯ ಹಾಗೆ ಮೇಲಕ್ಕೆ ಮಡಚಿಕೊಂಡಿವೆಯಾ ನೋಡಿ. ಹಾಗಿದ್ದರೆ ಅವನ್ನು ಬೆರಳಲ್ಲಿ ಮೆಲ್ಲಗೆ ಹಿಸುಕಿ. ಮೆತ್ತಗಿರಬೇಕಾದ ಎಲೆ ಒಣ ಕಾಗದದ ಹಾಗೆ ಗರಗರ ಅಂದರೆ ಅದು ಎಲೆ ಸುರುಳಿ ನಂಜು. ಇಂಥ ನಂಜುಗಳನ್ನು ಗಿಡದಿಂದ ಗಿಡಕ್ಕೆ ಹರಡುವುದು ಎಲೆಯಡಿ ಕೂತು ರಸ ಹೀರುವ ಸಸ್ಯಹೇನು. ಹೀಗಾಗಿ ರೋಗದ ಗಿಡವನ್ನು ಕಂಡ ದಿನವೇ ಕಿತ್ತರೆ ಪಕ್ಕದ ಗಿಡ ಉಳಿಯುವ ಸಾಧ್ಯತೆ ಹೆಚ್ಚು.

ಪೆರುವಿನ ಲಿಮಾದಲ್ಲಿ 1971ರಲ್ಲಿ ಶುರುವಾದ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರ ಸಣ್ಣ ಬೆಳೆಗಾರರಿಗೆ ಹೇಳಿಕೊಡುತ್ತಾ ಬಂದಿರುವುದೂ ಈ ವಿಧಾನವನ್ನೇ. ಕೆಟ್ಟ ಗಿಡ ಹುಡುಕುವುದಕ್ಕಿಂತ ಒಳ್ಳೆಯ ಗಿಡಕ್ಕೆ ಗುರುತು ಹಾಕುವುದು ಸುಲಭ. ಅನುಮಾನ ಬಂತಾ, ಕಡ್ಡಿ ಚುಚ್ಚಬೇಡಿ, ಅಷ್ಟೇ.

ಒಂದು ರೋಗದ ಬಗ್ಗೆ ಮಾತ್ರ ತುಂಬಾ ಎಚ್ಚರ ಬೇಕು. ಮಣ್ಣು ಹಸಿಯಾಗಿದ್ದರೂ ಗಿಡ ದಿಢೀರನೆ ಬಾಡಿದರೆ ಅದು ದುಂಡಾಣು ಸೊರಗು ರೋಗ ಇರಬಹುದು. ಪರೀಕ್ಷೆಗೆ ಒಂದು ಗಾಜಿನ ಲೋಟ ಸಾಕು. ಬಾಡಿದ ಗಿಡದ ಕಾಂಡವನ್ನು ಬುಡದ ಹತ್ತಿರ ಬೆರಳುದ್ದ ಕತ್ತರಿಸಿ. ಲೋಟದಲ್ಲಿ ತಿಳಿ ನೀರು ಹಾಕಿ, ಕತ್ತರಿಸಿದ ತುದಿ ನೀರಿಗೆ ತಾಗುವ ಹಾಗೆ ಕಾಂಡವನ್ನು ಅಲುಗಾಡಿಸದೆ ಹಿಡಿಯಿರಿ ಅಥವಾ ದಾರದಲ್ಲಿ ತೂಗುಹಾಕಿ. ಕೆಲವೇ ನಿಮಿಷದಲ್ಲಿ ಹಾಲಿನಂಥ ಬಿಳಿ ಎಳೆ ಕೆಳಕ್ಕೆ ಇಳಿಯತೊಡಗಿದರೆ ಅದು ರೋಗದ ದುಂಡಾಣುಗಳ ರಾಶಿ. ಆ ಪಾತಿಯ ಒಂದು ಗಡ್ಡೆಯನ್ನೂ ಬಿತ್ತನೆಗೆ ಇಡಬೇಡಿ, ಕಡ್ಡಿ ಚುಚ್ಚಿದ ಗಿಡದ್ದಾದರೂ ಸರಿ. ಹೊರಗೆ ಏನೂ ಕಾಣಿಸದ ಗಡ್ಡೆಯೊಳಗೂ ಇದು ಅಡಗಿ ಕೂತಿರುತ್ತದೆ. ಮಣ್ಣಿಗೆ ಸೇರಿದರೆ ವರ್ಷಗಟ್ಟಲೆ ಬಿಡುವುದಿಲ್ಲ.

ಅಂಗಮಾರಿ ಬಂದಾಗಲೂ ಸುಮ್ನೆ ಕೂರಬೇಡಿ. 1845ರಲ್ಲಿ ಐರ್ಲೆಂಡಿನ ಬೆಳೆಯನ್ನು ಕೊಳೆಸಿ, ಮುಂದಿನ ವರ್ಷಗಳಲ್ಲಿ ಸುಮಾರು 10 ಲಕ್ಷ ಜನರ ಸಾವಿಗೆ ಕಾರಣವಾದದ್ದು ಇದೇ ರೋಗ. ಒಂದು ಹಂಗಾಮಿನಿಂದ ಇನ್ನೊಂದಕ್ಕೆ ಇದು ದಾಟುವುದು ಹೆಚ್ಚಾಗಿ ಗಡ್ಡೆಯೊಳಗೆ ಕೂತೇ. ಎಲೆಯ ಮೇಲೆ ನೀರು ತೊಯ್ದ ಹಾಗೆ ಕಪ್ಪು ಕಲೆ, ತೇವದ ಬೆಳಿಗ್ಗೆ ಅದರ ಅಡಿಯಲ್ಲಿ ಬಿಳಿ ಬೂಸ್ಟು ಕಂಡು, ರೋಗ ಹಬ್ಬುತ್ತಿದ್ದರೆ ಗಿಡಗಳ ಮೇಲ್ಭಾಗ ಕತ್ತರಿಸಿ ಪಾತಿಯಿಂದ ಹೊರಗೆ ಸಾಗಿಸಿ. ಇಲ್ಲದಿದ್ದರೆ ಮಳೆ ನೀರಿನ ಜೊತೆ ರೋಗ ಕೆಳಗಿಳಿದು ಗಡ್ಡೆಗೆ ತಗುಲುತ್ತದೆ.

ಅಗೆಯುವಾಗ

ಗಿಡ ಹಳದಿಯಾಗಿ ಮಲಗುತ್ತಾ ಬಂದಾಗ ನೀರು ನಿಲ್ಲಿಸಿ. ಕಾಂಡವನ್ನು ನೆಲದ ಮಟ್ಟಕ್ಕೆ ಕತ್ತರಿಸಿ ಎರಡು ವಾರ ಬಿಡಿ. ಮಣ್ಣಿನೊಳಗೆ ಸಿಪ್ಪೆ ಬಲಿಯುತ್ತದೆ. ಒಂದು ಗಡ್ಡೆ ತೆಗೆದು ಹೆಬ್ಬೆರಳಿನಿಂದ ಒತ್ತಿ ಉಜ್ಜಿ. ಸಿಪ್ಪೆ ಜಾರಿ ಬಂದರೆ ಇನ್ನೂ ನಾಲ್ಕೈದು ದಿನ ಕಾಯಿರಿ. ಎಳೆ ಸಿಪ್ಪೆಯ ಗಡ್ಡೆ ತಿನ್ನಲು ಆಗುತ್ತದೆ, ತಿಂಗಳುಗಟ್ಟಲೆ ಇಡಲು ಆಗುವುದಿಲ್ಲ.

ಮಳೆ ಇಲ್ಲದ ದಿನ ನೋಡಿ, ಕಡ್ಡಿ ಇರುವ ಗಿಡಗಳನ್ನು ಮೊದಲು ಅಗೆಯಿರಿ. ಒಂದು ಗಿಡದ ಗಡ್ಡೆಗಳನ್ನೆಲ್ಲ ಅದರ ಕಡ್ಡಿಯ ಪಕ್ಕದಲ್ಲೇ ಹರವಿ, ಬೇರೆಯದರ ಜೊತೆ ಬೆರೆಸಬೇಡಿ. ಎರಡನೇ ಆಯ್ಕೆ ಇಲ್ಲಿ. ಮೇಲೆ ಸೊಂಪಾಗಿದ್ದ ಗಿಡ ಕೆಳಗೆ ಎರಡೇ ಗಡ್ಡೆ ಬಿಟ್ಟಿದ್ದರೆ, ಆಕಾರ ಸೊಟ್ಟಪಟ್ಟವಾಗಿದ್ದರೆ, ಅದರ ಕಡ್ಡಿ ಕಿತ್ತುಬಿಡಿ. ಹತ್ತು ಹನ್ನೆರಡು ದುಂಡನೆಯ ಗಡ್ಡೆ ಬಿಟ್ಟ ಗಿಡದ್ದನ್ನು ಎತ್ತಿಟ್ಟುಕೊಳ್ಳಿ. ಅದರಲ್ಲಿ ಕೋಳಿಮೊಟ್ಟೆ ಗಾತ್ರದವು, ಅಂದರೆ 40ರಿಂದ 60 ಗ್ರಾಂ ತೂಗುವಂಥವು ಬಿತ್ತನೆಗೆ ಹೇಳಿ ಮಾಡಿಸಿದ ಹಾಗಿರುತ್ತವೆ. ದಪ್ಪವನ್ನು ಅಡುಗೆಗೆ ಬಳಸಿ. ಒಳ್ಳೆಯ ಗಿಡದ ಸಣ್ಣ ಗಡ್ಡೆ, ಕಾಯಿಲೆ ಗಿಡದ ದೊಡ್ಡ ಗಡ್ಡೆಗಿಂತ ಎಷ್ಟೋ ಮೇಲು. ನನಗೆ ಈ ಮಾತು ಅರ್ಥವಾಗಲು ಮೂರು ಬೆಳೆ ಬೇಕಾಯಿತು.

ಸನಿಕೆ ತಾಗಿ ಸೀಳಿದ್ದು, ತೂತು ಬಿದ್ದದ್ದು, ಕಜ್ಜಿಯ ಹಾಗೆ ಒರಟು ಕಲೆ ಇರುವುದು, ಕಣ್ಣುಗಳಲ್ಲಿ ಮಣ್ಣು ಅಂಟು ಅಂಟಾಗಿ ಹಿಡಿದಿರುವುದು, ಇವೆಲ್ಲ ಹೊರಗೆ. ಮುಂದಿನ ಸಲ 20 ಗಿಡ ಬೇಕಿದ್ದರೆ 26 ಗಡ್ಡೆಯಾದರೂ ಇಡಿ. ಕೊಳೆತು ಹೋಗುವುದು, ಮೊಳೆಯದೇ ಇರುವುದು ಇದ್ದೇ ಇರುತ್ತದೆ, ಅಲ್ವಾ?

ತೊಳೆಯಬೇಡಿ. ಒಣಗಿದ ಮಣ್ಣನ್ನು ಕೈಯಲ್ಲಿ ಸವರಿದರೆ ಸಾಕು. ನಂತರ ಹತ್ತು ಹದಿನೈದು ದಿನ, ಗಾಳಿಯಾಡುವ, ಕತ್ತಲೆಯ, ತೀರಾ ಒಣಗಿರದ ಜಾಗದಲ್ಲಿ ಹರವಿಡಿ. 15ರಿಂದ 20 ಡಿಗ್ರಿ ಸೆಲ್ಸಿಯಸ್ ಇದ್ದರೆ ಚೆನ್ನ. ಈ ದಿನಗಳಲ್ಲಿ ಸಣ್ಣಪುಟ್ಟ ಗೀರುಗಳ ಮೇಲೆ ಬೆಂಡಿನಂಥ ಪದರ ಬೆಳೆದು ಗಾಯ ಮುಚ್ಚುತ್ತದೆ. ಈ ಹಂತ ಬಿಟ್ಟರೆ ಕೊಳೆತ ಶುರುವಾಗುವುದು ಆ ಗೀರುಗಳಿಂದಲೇ.

ತಂಪಿನಲ್ಲೋ, ಬೆಳಕಿನಲ್ಲೋ

ಅಗೆದ ಗಡ್ಡೆ ತಕ್ಷಣ ಮೊಳೆಯುವುದಿಲ್ಲ. ತಳಿಗೆ ತಕ್ಕಂತೆ ಸುಮಾರು ಎರಡು ಮೂರು ತಿಂಗಳು ನಿದ್ದೆ ಮಾಡುತ್ತದೆ. ಬಿಸಿಯಲ್ಲಿಟ್ಟರೆ ಬೇಗ ಏಳುತ್ತದೆ, ತಂಪಿನಲ್ಲಿಟ್ಟರೆ ತಡವಾಗಿ. ಹಾಗಾಗಿ ಎಲ್ಲಿ ಇಡಬೇಕು ಅನ್ನುವುದು, ಮುಂದೆ ಯಾವಾಗ ನೆಡುತ್ತೀರಿ ಅನ್ನುವುದರ ಮೇಲೆ ನಿಂತಿದೆ.

ಐದಾರು ತಿಂಗಳು ಕಾಯಬೇಕಿದ್ದರೆ 3ರಿಂದ 5 ಡಿಗ್ರಿಯ ಕತ್ತಲೆ ಜಾಗ ಒಳ್ಳೆಯದು. ಗಡ್ಡೆ ಸ್ವಲ್ಪವೇ ಇದ್ದರೆ ತೂತು ಮಾಡಿದ ಕಾಗದದ ಚೀಲದಲ್ಲಿ ಹಾಕಿ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಇಡಬಹುದು. ಪ್ಲಾಸ್ಟಿಕ್ ಚೀಲ ಬೇಡ, ಗಡ್ಡೆ ಬೆವರಿ ಕೊಳೆಯುತ್ತದೆ. ಹೆಪ್ಪುಗಟ್ಟಿದರಂತೂ ಮುಗಿಯಿತು. ಇಷ್ಟು ತಂಪಿನಲ್ಲಿ ಪಿಷ್ಟ ಸಕ್ಕರೆಯಾಗುವುದರಿಂದ ರುಚಿ ಸಿಹಿಯಾಗುತ್ತದೆ, ಆದರೆ ಬಿತ್ತನೆಗೆ ಅದರಿಂದ ತೊಂದರೆಯಿಲ್ಲ. ನೆಡಲು ನಾಲ್ಕು ವಾರ ಇರುವಾಗ ಹೊರಗೆ ತೆಗೆಯಿರಿ.

ತಂಪು ಜಾಗವೇ ಇಲ್ಲದಿದ್ದರೆ ಕತ್ತಲೆಯಲ್ಲಿ ಇಡಬೇಡಿ. ನನಗೆ ತುಂಬಾ ಇಷ್ಟವಾದ ಉಪಾಯ ಇದು. ಬಿಸಿ ಮತ್ತು ಕತ್ತಲೆ ಎರಡೂ ಸೇರಿದರೆ ಗಡ್ಡೆ ಬಿಳಿ ದಾರದಂಥ ಉದ್ದುದ್ದ ಮೊಳಕೆ ಬಿಡುತ್ತದೆ, ಮುಟ್ಟಿದರೆ ಮುರಿಯುತ್ತದೆ, ಗಡ್ಡೆಯ ಸತ್ವವೆಲ್ಲ ಅದಕ್ಕೇ ಹೋಗುತ್ತದೆ. ಅದೇ ಗಡ್ಡೆಯನ್ನು ನೇರ ಬಿಸಿಲು ಬೀಳದ, ಆದರೆ ಹಗಲಿನ ಬೆಳಕು ಬರುವ ಜಾಗದಲ್ಲಿ ಇಟ್ಟರೆ ಮೊಳಕೆ ಗಿಡ್ಡವಾಗಿ, ದಪ್ಪವಾಗಿ ಬರುತ್ತದೆ. ತಟ್ಟೆಯಲ್ಲೋ ಜಾಳಿಗೆಯ ಮೇಲೋ ಒಂದೆರಡು ಪದರ ಮಾತ್ರ ಹರವಿ, ಎಲ್ಲ ಗಡ್ಡೆಗೂ ಬೆಳಕು, ಗಾಳಿ ತಾಗಬೇಕು. ಸಿಪ್ಪೆ ಹಸಿರಾಗುತ್ತದೆ. ಬಿತ್ತನೆಗೆ ಅದರಿಂದ ಒಳ್ಳೆಯದೇ ಆಗುತ್ತದೆ. ಆದರೆ ಹಸಿರಾದ ಗಡ್ಡೆಯಲ್ಲಿ ಸೊಲನಿನ್ ಎಂಬ ವಿಷ ಹೆಚ್ಚಿರುತ್ತದೆ. ಅಡುಗೆಯ ಗಡ್ಡೆಯ ಹತ್ತಿರ ಇದನ್ನು ಇಡಲೇಬೇಡಿ. 'ಬಿತ್ತನೆಗೆ, ತಿನ್ನಬೇಡಿ' ಅಂತ ಚೀಟಿ ಅಂಟಿಸಿ. ಚೀಟಿಯಲ್ಲೇ ತಳಿಯ ಹೆಸರು, ಅಗೆದ ದಿನವನ್ನೂ ಬರೆಯಿರಿ.

ಹತ್ತು ದಿನಕ್ಕೊಮ್ಮೆ ಒಂದೊಂದನ್ನೂ ಕೈಗೆ ತೆಗೆದುಕೊಂಡು ನೋಡಿ. ಮೆತ್ತಗಾದದ್ದು, ವಾಸನೆ ಬಂದದ್ದನ್ನು ತೆಗೆದು ಅದಕ್ಕೆ ತಾಗಿದ್ದವನ್ನು ಒರೆಸಿಡಿ. ಕಣ್ಣಿನ ಹತ್ತಿರ ಸಣ್ಣ ಪುಡಿಯಂಥ ಹಿಕ್ಕೆ ಕಂಡರೆ ಒಳಗೆ ಗಡ್ಡೆ ಪತಂಗದ ಹುಳು ಸೇರಿದೆ ಅಂತ ಅರ್ಥ. ಒಂದು ಪತಂಗ ಇಡೀ ರಾಶಿಗೆ ಮೊಟ್ಟೆ ಇಡಬಲ್ಲದು, ಹಾಗಾಗಿ ತಟ್ಟೆಯ ಮೇಲೆ ಸಣ್ಣ ಕಣ್ಣಿನ ಬಲೆ ಮುಚ್ಚುವುದು ಕ್ಷೇಮ.

ಮೊಳಕೆ

ನೆಡಲು ಮೂರು ನಾಲ್ಕು ವಾರ ಇರುವಾಗ ಗಡ್ಡೆಗಳನ್ನು ಮೊಟ್ಟೆಯ ಟ್ರೇಯಲ್ಲಿ ನಿಲ್ಲಿಸಿ. ಗಡ್ಡೆಗೆ ಎರಡು ತುದಿ. ಗಿಡಕ್ಕೆ ಅಂಟಿಕೊಂಡಿದ್ದ ತುದಿಯಲ್ಲಿ ತೊಟ್ಟಿನ ಗುರುತು ಇರುತ್ತದೆ. ಅದರ ಎದುರಿನ ತುದಿಯಲ್ಲಿ ಕಣ್ಣುಗಳು ಗುಂಪಾಗಿರುತ್ತವೆ. ಆ ಗುಂಪು ಮೇಲೆ ಬರಲಿ. ಹಗಲು ಬೆಳಕು ಸಾಕಷ್ಟು ಸಿಗಲಿ, ಬಿಸಿಲು ಬೇಡ.

ಕೆಲವು ಗಡ್ಡೆ ನೆತ್ತಿಯಲ್ಲಿ ಒಂದೇ ಒಂದು ಮೊಳಕೆ ಬಿಟ್ಟು ಉಳಿದ ಕಣ್ಣುಗಳನ್ನು ಮಲಗಿಸಿಡುತ್ತದೆ. ಆ ಒಂದನ್ನು ಮುರಿದರೆ ಬೇರೆ ನಾಲ್ಕೈದು ಏಳುತ್ತವೆ. ಇದನ್ನು ಒಂದೇ ಸಲ ಮಾಡಿ. ಮತ್ತೆ ಮತ್ತೆ ಮುರಿದರೆ ಗಡ್ಡೆ ಸೋಲುತ್ತದೆ. ಒಂದರಿಂದ ಎರಡು ಸೆಂಟಿಮೀಟರ್ ಉದ್ದದ ಮೊಳಕೆಯನ್ನು ಹತ್ತಿರದಿಂದ ನೋಡಿ. ಬುಡದಲ್ಲಿ ರಾಗಿ ಕಾಳಿಗಿಂತ ಚಿಕ್ಕ ಗುಬುಟುಗಳು ಸುತ್ತಲೂ ಎದ್ದಿರುತ್ತವೆ. ಬೇರು ಹೊರಡುವುದು ಅಲ್ಲಿಂದ. ಅವು ಕಂಡರೆ ಗಡ್ಡೆ ನೆಡಲು ತಯಾರು. ಎಲ್ಲ ಕಣ್ಣಿಗೂ ಕೂದಲಿನಂಥ ತೆಳು ಮೊಳಕೆ ಬಂದ ಗಡ್ಡೆ ಇದ್ದರೆ ಎಸೆಯಿರಿ.

ಗಡ್ಡೆ ಕತ್ತರಿಸಿ ನೆಡಬಹುದಾ ಅಂತ ಹಲವರು ಕೇಳುತ್ತಾರೆ. ಆಗುತ್ತದೆ, ಆದರೆ ಮನೆಯಲ್ಲಿ ಇಟ್ಟ ಗಡ್ಡೆಗೆ ನಾನು ಬೇಡ ಅನ್ನುತ್ತೇನೆ. ಒಂದರ ರೋಗ ಚಾಕುವಿನ ಮೂಲಕ ಎಲ್ಲಕ್ಕೂ ಹಬ್ಬುತ್ತದೆ. ಕತ್ತರಿಸಲೇಬೇಕಿದ್ದರೆ ಪ್ರತಿ ತುಂಡಿಗೂ ಎರಡು ಕಣ್ಣಾದರೂ ಇರಲಿ, 40 ಗ್ರಾಂಗಿಂತ ಕಡಿಮೆ ಬೇಡ. ಒಂದು ಗಡ್ಡೆ ಮುಗಿದ ಮೇಲೆ ಚಾಕುವನ್ನು ಕುದಿಯುವ ನೀರಲ್ಲಿ ಅದ್ದಿ ಇನ್ನೊಂದಕ್ಕೆ ಹೋಗಿ. ಕತ್ತರಿಸಿದ ಮೈ ನೆರಳಲ್ಲಿ ಎರಡು ಮೂರು ದಿನ ಆರಿ ಪೊರೆ ಕಟ್ಟಿದ ಮೇಲಷ್ಟೇ ನೆಡಿ.

ನೆಡುವುದು, ಮತ್ತೆ ಕಡ್ಡಿ

ಹಿಂದಿನ ಮೂರು ವರ್ಷ ಆಲೂಗಡ್ಡೆ, ಟೊಮೆಟೊ, ಬದನೆ, ಮೆಣಸಿನಕಾಯಿ ಬೆಳೆಯದ ಜಾಗ ಹುಡುಕಿ. ಇವೆಲ್ಲ ಒಂದೇ ಕುಟುಂಬ, ಹಲವು ರೋಗಗಳೂ ಒಂದೇ. ಮೊಳಕೆ ಮುರಿಯದ ಹಾಗೆ ಮೇಲ್ಮುಖವಾಗಿ 10ರಿಂದ 12 ಸೆಂಟಿಮೀಟರ್ ಆಳದಲ್ಲಿ, ಗಡ್ಡೆಯಿಂದ ಗಡ್ಡೆಗೆ 25ರಿಂದ 30 ಸೆಂಟಿಮೀಟರ್ ಬಿಟ್ಟು ನೆಡಿ. ಸಾಲಿನ ನಡುವೆ 60 ಇರಲಿ. ಹಳೆಯ ಪಾತಿಯಲ್ಲಿ ಅಗೆಯದೇ ಉಳಿದ ಗಡ್ಡೆಯಿಂದ ತಾನಾಗಿ ಎದ್ದ ಗಿಡ ಕಂಡರೆ ಕನಿಕರಪಡದೆ ಕಿತ್ತುಹಾಕಿ, ಹಳೆಯ ರೋಗ ಹೊಸ ಬೆಳೆಗೆ ಅದರಿಂದಲೂ ದಾಟುತ್ತದೆ.

ಎಷ್ಟೇ ಜೋಪಾನ ಮಾಡಿದರೂ ಸಸ್ಯಹೇನು ಬಂದೇ ಬರುತ್ತದೆ, ನಂಜು ಒಂದಿಷ್ಟು ಸೇರುತ್ತಲೇ ಹೋಗುತ್ತದೆ. ಮೂರ್ನಾಲ್ಕು ಬೆಳೆಗೊಮ್ಮೆ ಪ್ರಮಾಣಿತ ಬಿತ್ತನೆ ಗಡ್ಡೆ ಹೊಸದಾಗಿ ತರಬೇಕಾಗುತ್ತದೆ. ಯಾವಾಗ ತರಬೇಕು ಅನ್ನುವುದಕ್ಕೆ ನಾನು ಕಡ್ಡಿ ಎಣಿಸುತ್ತೇನೆ. ಹೂ ಬಿಡುವ ಹೊತ್ತಿಗೆ ಸಾಲಿನಲ್ಲಿ ನಡೆದಾಗ 20 ಗಿಡದಲ್ಲಿ 15ಕ್ಕೆ ಕಡ್ಡಿ ಚುಚ್ಚಲು ಮನಸ್ಸು ಬಂದರೆ ಇನ್ನೊಂದು ಬೆಳೆಗೆ ಅದೇ ಗಡ್ಡೆ ಇಡುತ್ತೇನೆ. ಹತ್ತಕ್ಕೂ ಬಾರದಿದ್ದರೆ ಆ ಬೆಳೆಯನ್ನೆಲ್ಲ ಅಡುಗೆಗೆ ಬಳಸಿ, ಮುಂದಿನ ಸಲಕ್ಕೆ ಹೊಸ ಬಿತ್ತನೆ ತರುತ್ತೇನೆ.